ಶುಕ್ರವಾರಗಳ ಗೆರೆ

ಡಿಕ್ಸನ್‌ಗೆ ಅಬುಧಾಬಿಗೆ ವರ್ಗವಾದದ್ದು ಹೊಸ ವರ್ಷಕ್ಕೆ. ಮಗಳ ಶಾಲೆ ಬದಲಿಸಬಾರದೆಂದು ಹೆಂಡತಿ ರೊಸಲಿನ್ ದುಬೈಯ ಊದ್ ಮೇಥಾದಲ್ಲೇ ಉಳಿದಳು. ಅವನು ಅಬುಧಾಬಿಯ ಖಾಲಿದಿಯಾದಲ್ಲೊಂದು ಬೆಡ್‌ಸ್ಪೇಸ್, ಅಂದರೆ ಹಂಚಿಕೊಂಡ ಕೋಣೆಯಲ್ಲಿ ಒಂದು ಮಂಚದ ಜಾಗ, ಹಿಡಿದ. ಪ್ರತಿ ಶುಕ್ರವಾರ ಸಹೋದ್ಯೋಗಿ ಉಳ್ಳಾಲದ ಮೋನು ಬ್ಯಾರಿಯ (ಡಿಕ್ಸನ್‌ಗೆ ಅವರು 'ಮೋನಾಕ') ಕಾರಿನಲ್ಲಿ ಬಂದಿಳಿದೊಡನೆ ಕೆಳಗಿನಿಂದಲೇ ಒಂದು ಮೆಸೇಜು: "ಕಾವಲಿ ಇಡು." ಅವನು ಬಾಗಿಲು ತಟ್ಟುವಷ್ಟರಲ್ಲಿ ಮೊದಲ ನೀರುದೋಸೆ ಬೆಂದಿರಬೇಕು.

ಗಣಿತದ ಪ್ರಾಜೆಕ್ಟಿಗೆ ಮಗಳು ಜೋಯ್ಲಿನ್ ಆ ಮೆಸೇಜುಗಳನ್ನೇ ಆರಿಸಿಕೊಂಡಿದ್ದಳು. ಜೂನಿನ ಆ ಶುಕ್ರವಾರ, ಅಮ್ಮನ ಫೋನು ನೋಡಿ ಯಾವ ವಾರ ಎಷ್ಟು ಗಂಟೆಗೆ ಬಂದವೆಂದು ಲ್ಯಾಪ್‌ಟಾಪಿನಲ್ಲಿ ಚುಕ್ಕೆಯಿಟ್ಟಳು. ನಡುವೆ, ಎಲ್ಲ ಚುಕ್ಕೆಗಳಿಗೂ ಆದಷ್ಟು ಹತ್ತಿರವಾಗುವಂತೆ ಒಂದು ನೇರ ಗೆರೆ. ಅದು ಮೇಲೇರುತ್ತಿತ್ತು.

"ಸೀ ಮಮ್ಮಿ, ಜನವರಿಯಲ್ಲಿ ಸೆವೆನ್ ಥರ್ಟಿ, ಈಗ ನೈನ್." ಗೆರೆಯನ್ನು ಮುಂದಕ್ಕೆಳೆದಳು. "ಹೀಗೇ ಹೋದ್ರೆ ಡಿಸೆಂಬರಿಗೆ ಹತ್ತೂವರೆ. ಪಪ್ಪನ ಕ್ರಿಸ್ಮಸ್ ಡಿನ್ನರ್ ಖಲಾಸ್!"

ರೊಸಲಿನ್ ನಗಲಿಲ್ಲ. ತಡವಾಗುತ್ತಿದೆಯೆಂದು ಅವಳಿಗೂ ಗೊತ್ತಿತ್ತು. ಕೇಳಿದರೆ "ಟ್ರಾಫಿಕ್" ಎನ್ನುತ್ತಿದ್ದ. ಒಂದು ವಾರದ್ದಾದರೆ ಟ್ರಾಫಿಕ್. ಇಷ್ಟು ಶಿಸ್ತಾಗಿ ಮೆಟ್ಟಿಲು ಹತ್ತಿದಂತೆ ಏರುವುದು? ಜಗಳವಾಗಿದ್ದರೆ ಮುಖ ನೋಡಿ ಕೇಳಬಹುದಿತ್ತು. ಮನೆಯ ಸೆಳೆತ ಸಡಿಲುವುದು ಹೀಗೆಯೇ ಏನೋ, ವಾರಕ್ಕೆ ಮೂರ್ನಾಲ್ಕು ನಿಮಿಷದಂತೆ, ಸದ್ದಿಲ್ಲದೆ. ಗೆರೆಯ ತುದಿಯಾಚೆಯ ಖಾಲಿ ಜಾಗದಲ್ಲಿ ಅವನು ಬಾರದ ಶುಕ್ರವಾರವೂ ಎಲ್ಲೋ ಇರಬೇಕು.

"ಇವೆಂತ, ಮೇಲೆ ಹಾರಿದ ನಾಲ್ಕು ಚುಕ್ಕೆ?"

"ರಂಜಾನ್ ವೀಕ್ಸ್. ಅವು ಲೈನಿಗೆ ಸೇರುದೇ ಇಲ್ಲ."

ಫೋನು ಮಿಣುಕಿತು. ಕಾವಲಿ ಇಡು. ಡಿಕ್ಸನ್ ಒಳಗೆ ಬಂದು ಬ್ಯಾಗು ಇಳಿಸುವ ಮೊದಲೇ ರೊಸಲಿನ್ ಕೇಳಿಬಿಟ್ಟಳು: "ರಂಜಾನಿನಲ್ಲಿ ಎಂತಕ್ಕೆ ಅಷ್ಟು ತಡ ಆದದ್ದು?"

"ಮೋನಾಕನೊಟ್ಟಿಗೆ ಇಫ್ತಾರ್ ಮಾಡಿ ಬರ್ತಿದ್ದೆ ಅಲ್ವಾ. ಎಂಥ ಸಮೋಸ ಮಾರಾಯ್ತಿ!"

"ಬೇರೆ ವಾರ?"

"ಬೇರೆ ವಾರ ಎಂತ? ಮಗ್ರಿಬ್ ನಮಾಜು ಮುಗಿಸದೆ ಅವರು ಗಾಡಿ ತೆಗೆಯುದಿಲ್ಲ, ಹೈವೇಯಲ್ಲಿ ನಿಲ್ಲಿಸುದು ಬೇಡಾಂತ. ನಾನು ಮಸೀದಿ ಹೊರಗೆ ಕಾರಲ್ಲಿ ಕೂತಿರ್ತೇನೆ."

"ಮತ್ತೆ ನಿನ್ನ ಟ್ರಾಫಿಕ್?"

ಡಿಕ್ಸನ್ ತಲೆ ಕೆರೆದುಕೊಂಡ. "ಕಾಯ್ತೇನೆ ಅಂದ್ರೆ ಬಸ್ಸಲ್ಲಿ ಬಾ ಅಂತಿದ್ದಿ. ನನ್ನ ಸೊಂಟಕ್ಕೆ ಬಸ್ಸು ಆಗ್ತದಾ?"

ಮಗ್ರಿಬ್. ಸೂರ್ಯ ಮುಳುಗಿದ ಮೇಲಿನ ನಮಾಜು. ಜನವರಿಯ ಸೂರ್ಯ ಆರಕ್ಕೆ ಮೊದಲೇ ಮುಳುಗುತ್ತಿದ್ದ. ಜೂನಿನವನು ಏಳಾದರೂ ಕದಲುವುದಿಲ್ಲ. ಆರು ತಿಂಗಳಿಂದ ವಾರ ವಾರವೂ ತಡಮಾಡುತ್ತ ಬಂದವನು ಆ ಸೂರ್ಯ! ರೊಸಲಿನ್ ಸೌಟು ಹಿಡಿದುಕೊಂಡೇ ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರೇ ಬಂತು.

ಜೋಯ್ಲಿನ್ ಸೂರ್ಯಾಸ್ತದ ಸಮಯಗಳನ್ನು ಹುಡುಕಿ ಚುಕ್ಕೆಗಳ ಪಕ್ಕಕ್ಕಿಟ್ಟಳು. ಎರಡೂ ಜೊತೆಜೊತೆಯಾಗಿಯೇ ಹತ್ತಿದ್ದವು. "ಓ ನೋ! ಇನ್ನು ಸನ್‌ಸೆಟ್ ಬೇಗ ಆಗ್ತಾ ಬರ್ತದೆ. ನನ್ನ ಲೈನ್ ಕೆಳಗೆ ಬಗ್ಗಬೇಕು. ಪ್ರಿಡಿಕ್ಷನ್ ಎಲ್ಲ ರಾಂಗ್!"

"ರಾಂಗ್ ಆಗ್ಲಿ ಬಿಡು ಬಾಯೆ. ಡಿಸೆಂಬರಿಗೆ ಎಷ್ಟು ಗಂಟೆ, ಅದು ಹೇಳು."

"ಏಳೂವರೆ."

"ಕೇಳ್ತಾ ಡಿಕ್ಸನ್? ಎಂಟಾದ್ರೆ ಕಾವಲಿ ಇಡುದಿಲ್ಲ."

ಈ ಮಾತಿನಲ್ಲಿ ಮೊದಲ ದೋಸೆ ಸೀದುಹೋಗಿತ್ತು. ಅದನ್ನು ಕೆರೆದು ತೆಗೆದು, ಎಣ್ಣೆ ಸವರಿ, ರೊಸಲಿನ್ ಇನ್ನೊಂದು ಹೊಯ್ದಳು.