ಹಿಂಬಾಗಿಲಿನ ಬೆಣೆ

ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹಿಂದುಗಡೆ ಒಂದು ಬಾಗಿಲಿತ್ತು. ಕೈಬಿಟ್ಟರೆ ತಾನೇ ಮುಚ್ಚಿಕೊಂಡು ಬೀಗ ಬೀಳುವಂಥದ್ದು. ಒಳಗಿನಿಂದ ತಳ್ಳಿದರೆ ತೆರೆಯುತ್ತಿತ್ತು, ಹೊರಗಿನಿಂದ ಕಾರ್ಡು ತೋರಿಸಬೇಕಿತ್ತು. ಪುಸ್ತಕದ ಗಾಡಿ ತಳ್ಳುವವರಿಗೆ, ಟೀಗೆ ಹೋಗಿಬರುವವರಿಗೆ ದಿನಾ ಅದೇ ರಗಳೆ.

"ಬಡಗಿಯಣ್ಣ, ಏನಾದ್ರೂ ಮಾಡಿ ಪುಣ್ಯ ಕಟ್ಕೊಳ್ಳಿ" ಎಂದರು.

ಅಲ್ಲಿನ ಬಡಗಿಗೆ ಅದೇನು ಮಹಾ ಕೆಲಸ? ತುಂಡು ಮರದಲ್ಲಿ ಒಂದು ಬೆಣೆ ಕೆತ್ತಿ ಬಾಗಿಲಡಿ ಸಿಕ್ಕಿಸಿದ. ಬಾಗಿಲು ಬಾಯಿ ತೆರೆದು ನಿಂತಿತು. ಉಳಿದ ಕಟ್ಟಡದವರೂ ಕೇಳಿದರು, ಅವರಿಗೂ ಕೊಟ್ಟ. ಗ್ರಂಥಾಲಯದ ಎರಡನೇ ಮಹಡಿಯ ಓದುವ ಕೋಣೆಗೂ ಒಂದು ಹೋಯಿತು.

ಒಪ್ಪದವಳು ಒಬ್ಬಳೇ, ಕಾವಲಿನ ಹೆಂಗಸು. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಸೀಟಿಯಕ್ಕ. ಕಂಡಾಗಲೆಲ್ಲ ಬೆಣೆಯನ್ನು ಕಾಲಿನಿಂದ ಒದ್ದು ಎಸೆಯುತ್ತಿದ್ದಳು.

"ಅಣ್ಣಾ, ಆ ಬಾಗಿಲು ಮುಚ್ಕೊಳ್ಳಲಿ ಅಂತಾನೇ ಮಾಡಿರೋದು."

"ಅಮ್ಮಾ ತಾಯಿ, ಇಲ್ಲಿ ಕದಿಯೋಕೆ ಏನಿದೆ? ದಪ್ಪ ದಪ್ಪ ಪುಸ್ತಕಾನಾ? ಬಿಟ್ಟಿ ಕೊಟ್ರೂ ಮಕ್ಕಳು ಮುಟ್ಟಲ್ಲ."

"ಕದಿಯೋಕೆ ಬರೋನು ಹಾಗಿರ್ಲಿ. ಹೊಡೆಯೋಕೆ ಬಂದ್ರೆ?"

"ನಿನ್ನ ಬಾಯಲ್ಲಿ ಒಳ್ಳೇದೇ ಬರಲ್ವಲ್ಲ! ನೀನು ಒಂದು ಒದಿ, ನಾನು ಎರಡು ಕೆತ್ತೀನಿ. ನೋಡೇ ಬಿಡೋಣ."

ತಿಂಗಳಿಗೊಮ್ಮೆ ಅವಳು ಎಲ್ಲರನ್ನೂ ಸೇರಿಸಿ, ಯಾರಾದರೂ ಹೊಡೆಯಲು ನುಗ್ಗಿದರೆ ಏನು ಮಾಡಬೇಕೆಂದು ಅಭ್ಯಾಸ ಮಾಡಿಸುತ್ತಿದ್ದಳು. "ದಾರಿ ಇದ್ರೆ ಓಡಿ, ಬ್ಯಾಗು ಗೀಗು ಅಂತ ನಿಲ್ಲಬೇಡಿ. ಇಲ್ದಿದ್ರೆ ಕೋಣೆ ಸೇರಿ, ಬಾಗಿಲು ಭದ್ರ ಮಾಡಿ, ದೀಪ ಆರಿಸಿ, ಫೋನಿನ ಸದ್ದು ಅಡಗಿಸಿ. ಆಮೇಲೆ ಪೊಲೀಸರಿಗೆ ಎಲ್ಲಿದೀರಿ ಅಂತ ತಿಳಿಸಿ." ಬಡಗಿಯ ಮಗಳು ಅಲ್ಲೇ ಓದುತ್ತಿದ್ದಳು. ಹೋಗಿ ಕಲಿತು ಬಂದಳು.

"ನಾಟಕ ಮುಗೀತಾ?" ಎಂದು ಅಪ್ಪ ನಕ್ಕ.

ಒಂದು ಮಧ್ಯಾಹ್ನ, ಗುರುತಿನ ಚೀಟಿ ಇಲ್ಲವೆಂದು ಮುಂಬಾಗಿಲಿನಿಂದ ಕಳಿಸಿಬಿಟ್ಟಿದ್ದ ಒಬ್ಬ, ಗೋಡೆ ಬಳಸಿಕೊಂಡು ಹಿಂದಕ್ಕೆ ಹೋದ. ಬಾಗಿಲು ತೆರೆದೇ ಇತ್ತು. ಅವನ ಕೈಯಲ್ಲಿ ಚಾಕುವಿತ್ತು.

ತನ್ನ ಕೆಲಸದ ಕೋಣೆಯಲ್ಲಿದ್ದ ಬಡಗಿಗೆ ಕೇಳಿಸಿದ್ದು ಸೀಟಿ. ಬಿಡದೆ, ಉಸಿರು ಕಟ್ಟುವ ಹಾಗೆ ಊದುತ್ತಿದ್ದ ಸೀಟಿ. ಉಳಿ ಎಸೆದು ಮಗಳಿಗೆ ಫೋನು ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ, ಮತ್ತೆ ಮತ್ತೆ ಮಾಡಿದ. ಕೊನೆಗೊಂದು ಸಂದೇಶ ಬಂತು: "ಅಪ್ಪಾ, ಫೋನ್ ಮಾಡ್ಬೇಡ. ಓದೋ ಕೋಣೇಲಿದೀವಿ. ಬಾಗಿಲು ಮುಚ್ಚಿ ಒಳಗಿಂದ ನಿನ್ನ ಬೆಣೇನೇ ಹೊಡೆದಿದೀವಿ. ನೀನು ಇತ್ತ ಬರಬೇಡ."

ಹೋಗದಿರಲಾದೀತೇ? ಓಡಿದ. ಪೊಲೀಸರು ದೂರದಲ್ಲೇ ತಡೆದರು. ಮುಕ್ಕಾಲು ಗಂಟೆಯ ಮೇಲೆ ಚಾಕುವಿನವನು ಸಿಕ್ಕಿಬಿದ್ದು, ಮಕ್ಕಳು ಬರಿಗೈ ಎತ್ತಿಕೊಂಡು ಸಾಲಾಗಿ ಹೊರಬಂದರು. ಹಾಗೆ ಬರಬೇಕೆಂದು ಕಲಿಸಿದ್ದೂ ಸೀಟಿಯಕ್ಕನೇ. ಮಗಳು ಬಂದಳು. ಹಿಂದೆಯೇ ಸ್ಟ್ರೆಚರಿನ ಮೇಲೆ ಸೀಟಿಯಕ್ಕ ಬಂದಳು. ಮಕ್ಕಳೆಲ್ಲ ಕೋಣೆ ಸೇರುವವರೆಗೆ ಮೆಟ್ಟಿಲ ಬಳಿ ಸೀಟಿ ಊದುತ್ತ ನಿಂತವಳು ಅವಳು. ಆ ಸದ್ದಿಗೇ ಚಾಕುವಿನವನು ಅವಳ ಮೇಲೆ ಬಿದ್ದಿದ್ದ.

"ನೀನು ಫೋನ್ ಮಾಡಿದಾಗಲೆಲ್ಲ ಕತ್ತಲಲ್ಲಿ ಬೆಳಕು ಹತ್ಕೋತಿತ್ತಪ್ಪ," ಎಂದಳು ಮಗಳು. "ಹೊಟ್ಟೆಗೆ ಅವಚಿ ಹಿಡ್ಕೊಂಡಿದ್ದೆ."

ತಿಂಗಳ ಮೇಲೆ ಬಡಗಿ ಸೀಟಿಯಕ್ಕನ ಮನೆಗೆ ಹೋದ. ಅವಳು ಎಡಗೈಯಲ್ಲಿ ಟೀ ಸೋಸುತ್ತಿದ್ದಳು. ಬಲಗೈಯ ಬೆರಳು ಮಡಚುತ್ತಿರಲಿಲ್ಲ.

"ನೀನು ನನ್ನ ಮಗಳನ್ನ ಉಳಿಸ್ದೆ. ನಾನು ನಿನ್ನ ಕೈ ತೆಗೆದೆ, ತಾಯಿ."

"ಕೈ ತೆಗೆದೋನು ಬೇರೆ ಅಣ್ಣಾ. ನೀನು ಅವನಿಗೆ ಬಾಗಿಲು ತೆಗೆದಿಟ್ಟೆ, ಅಷ್ಟೆ."

ಹೋಗ್ಲಿ ಬಿಡು ಎನ್ನುತ್ತಾಳೇನೋ ಎಂದು ಕಾದ. ಅವಳು ಅನ್ನಲಿಲ್ಲ.

"ಎಲ್ಲೆಲ್ಲಿ ಬೆಣೆ ಕೊಟ್ಟಿದೀಯ, ನೆನಪಿದ್ಯಾ?"

"ಇದೆ."

"ಮತ್ತೆ ಇಲ್ಯಾಕೆ ಕೂತಿದೀಯ? ಟೀ ಕುಡಿದು ಹೊರಡು."

ಮರುದಿನ ಅವನು ಗೋಣಿಚೀಲ ಹಿಡಿದು ಕಟ್ಟಡ ಕಟ್ಟಡ ಸುತ್ತಿದ. "ಏನಣ್ಣ, ನೀವೇ ಕೊಟ್ಟು ನೀವೇ ಕಿತ್ಕೊಳ್ತೀರಲ್ಲ!" ಎಂದು ಕೆಲವರು ಗೊಣಗಿದರು. "ಹೌದಪ್ಪ, ನಾನೇ ಕೊಟ್ಟಿದ್ದು" ಎಂದಷ್ಟೇ ಹೇಳಿದ. ಮಗಳನ್ನು ಕಾಪಾಡಿದ ಬೆಣೆಯೊಂದನ್ನು ಮಾತ್ರ ಓದುವ ಕೋಣೆಯ ಒಳಗಿನ ಕಪಾಟಿನಲ್ಲಿಟ್ಟ. ಮುಂದಿನ ಅಭ್ಯಾಸಕ್ಕೆ ಸೀಟಿಯಕ್ಕ ಎಡಗೈಯಲ್ಲಿ ಸೀಟಿ ಹಿಡಿದು ಬಂದಾಗ, ಮೊದಲ ಸಾಲಿನಲ್ಲಿ ಮಗಳ ಪಕ್ಕ ಅವನು ನಿಂತಿದ್ದ.

ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರೇ, ಮಕ್ಕಳು ಓದುವ ಕಡೆ ಗಲಾಟೆ ಎಂದು ಕೇಳಿದರೆ ನಮ್ಮ ಕೈ ಮೊದಲು ಫೋನಿಗೇ ಹೋಗುತ್ತದೆ. ತಡೆದುಕೊಳ್ಳಿ. ಅಡಗಿ ಕೂತ ಮಗುವಿಗೆ ಕರೆ ಮಾಡಬೇಡಿ, ಅದೇ ತಿಳಿಸುವವರೆಗೆ ಕಾಯಿರಿ. ಕಂಡವರು ಕೇಳಿದವರು ಕಳಿಸಿದ ಸುದ್ದಿಯನ್ನು ಮುಂದಕ್ಕೆ ಕಳಿಸಬೇಡಿ. ಮಕ್ಕಳೇ, ವಿಡಿಯೋ ತೆಗೆಯಲು ನಿಲ್ಲಬೇಡಿ. ನೀವು ಕೂರುವ ಕೋಣೆಯಿಂದ ಹೊರಗೆ ಹೋಗಲು ಎಷ್ಟು ದಾರಿಯಿದೆ ಎಂದು ಇವತ್ತೇ ನೋಡಿಟ್ಟುಕೊಳ್ಳಿ. ಮತ್ತೆ, ಬೀಗ ಬೀಳಬೇಕಾದ ಬಾಗಿಲಡಿ ಬೆಣೆಯೋ ಕಲ್ಲೋ ಕುರ್ಚಿಯೋ ಕಂಡರೆ, ಯಾರಿಟ್ಟರೆಂದು ಕೇಳುತ್ತ ನಿಲ್ಲದೆ ತೆಗೆದುಬಿಡಿ. ಬಾಗಿಲು ಮುಚ್ಚಿದ ಸದ್ದು ಕೇಳಿಸಿಕೊಂಡೇ ಮುಂದೆ ಹೋಗಿ. ಸೀಟಿಯಕ್ಕನ ಬಲಗೈಯ ಬೆರಳು ಇನ್ನೂ ಮಡಚುತ್ತಿಲ್ಲ.