ಇನ್ನೂ ಮೇಣದಲ್ಲೇ ಇರುವ ಒಂದು ಸೆಟ್ ಹಲ್ಲು

೧

ಈ ಕಥೆಯನ್ನು ಬಾಗಿಲಿನಿಂದ ಆರಂಭಿಸಬೇಕೋ ಬಾಯಿಯಿಂದಲೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಬಾಗಿಲಿನಿಂದ ಆರಂಭಿಸಿದರೆ ಹೀಗಾಗುತ್ತದೆ: ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಔಷಧಿ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿ, ಕೃತಕ ಹಲ್ಲು ತಯಾರಿಸುವ ಒಂದು ಸಣ್ಣ ಲ್ಯಾಬಿನ ಬಾಗಿಲು ತಟ್ಟುತ್ತಾಳೆ. ತರಬೇತಿಯ ಮೊದಲ ದಿನ. ಅವಳ ಎದೆ ಢವಢವ ಹೊಡೆದುಕೊಳ್ಳುತ್ತಿದೆ.

(ಕೊನೆಯ ವಾಕ್ಯವನ್ನು ಹೊಡೆದುಹಾಕಿದ್ದೇನೆ. ಈ ಕಥೆಯನ್ನು ನನಗೆ ಹೇಳಿದವಳು ಆ ವಿದ್ಯಾರ್ಥಿನಿಯೇ. ಕೇಳಿದ ಕಥೆಗಳನ್ನು ಬರೆದಿಡುವುದು ನನ್ನ ಕೆಲಸ. ಬರೆದದ್ದನ್ನು ಹೇಳಿದವರಿಗೆ ತೋರಿಸುವುದು ನನ್ನ ನಿಯಮ. ಆ ನಿಯಮದಿಂದ ಇದುವರೆಗೆ ಇಷ್ಟು ತೊಂದರೆಯಾಗಿರಲಿಲ್ಲ. ಕರಡು ಓದಿ ಅವಳು ಫೋನು ಮಾಡಿದಳು: "ಢವಢವ ಎಲ್ಲಿಂದ ಬಂತು ಸರ್? ಬಿಸಿಲಲ್ಲಿ ನಡ್ಕೊಂಡು ಹೋಗಿದ್ದೆ. ನೀರು ಬೇಕಿತ್ತು, ಅಷ್ಟೇ.")

೧, ಮತ್ತೊಮ್ಮೆ

ಬಾಯಿಯಿಂದ ಆರಂಭಿಸೋಣ. ಅದು ಲ್ಯಾಬಿನ ಯಜಮಾನನ ತಾಯಿಯ ಬಾಯಿ. ಅದರಲ್ಲಿ ಒಂದೂ ಹಲ್ಲಿರಲಿಲ್ಲ. ಹಲ್ಲು ಕಟ್ಟುವುದೇ ಕಸುಬಾದ ಮನೆಯಲ್ಲಿ ಹೆತ್ತ ತಾಯಿಯ ಬಾಯಿ ಬೋಳಾಗಿರುವುದನ್ನು ಓದುಗರು ವ್ಯಂಗ್ಯವೆಂದು ತಿಳಿಯಬಾರದು. ಕಟ್ಟುವುದನ್ನು ಯಾರೂ ಬಿಟ್ಟಿರಲಿಲ್ಲ. ಆ ಲ್ಯಾಬಿನ ಪದ್ಧತಿಯೇ ಹಾಗೆ: ತರಬೇತಿಗೆಂದು ಯಾರೇ ಬರಲಿ, ಅವರು ಸ್ವಂತ ಕೈಯಿಂದ ಮಾಡುವ ಮೊದಲ ಪೂರ್ತಿ ಸೆಟ್ಟು ಅಜ್ಜಿಯದು. ಅಳತೆ ತಪ್ಪಿದರೆ ಬೇರೆ ಗಿರಾಕಿಗಳು ಬಿಟ್ಟುಹೋಗುತ್ತಾರೆ, ತಾಯಿ ಎಲ್ಲಿಗೆ ಹೋಗುತ್ತಾಳೆ ಎಂಬುದು ಯಜಮಾನನ ಲೆಕ್ಕಾಚಾರ.

ಹಾಗೆ ಬಂದುಹೋದವರ ಸೆಟ್ಟುಗಳೆಲ್ಲ ಕಿಟಕಿಯ ಪಕ್ಕದ ಗೂಡಿನಲ್ಲಿ ಸಾಲಾಗಿ ನಗುತ್ತ ಕೂತಿದ್ದವು. ಅಜ್ಜಿ ಒಂದನ್ನೂ ಹಾಕಿಕೊಳ್ಳುತ್ತಿರಲಿಲ್ಲ. ಯಾರಾದರೂ ಎದುರು ಬಂದರೆ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಮೆಟ್ಟಿಲಿಳಿದು ಬೀದಿಗೆ ಹೋಗುವುದನ್ನು ಯಾವತ್ತೋ ಬಿಟ್ಟಿದ್ದಳು. ಲ್ಯಾಬಿನವರು ಬೆನ್ನ ಹಿಂದೆ ಅವಳನ್ನು ಇನ್ಸ್‌ಪೆಕ್ಟರ್ ಎನ್ನುತ್ತಿದ್ದರು.

ಇನ್ಸ್‌ಪೆಕ್ಟರರ ಪರೀಕ್ಷೆ ಕಚ್ಚುವುದಲ್ಲ, ಬೈಯುವುದು. ಹೊಸ ಸೆಟ್ಟನ್ನು ಬಾಯಿಗಿಟ್ಟುಕೊಂಡು, ಮಗನ ಕಡೆ ತಿರುಗಿ, "ಸೋಮಾರಿ!" ಎನ್ನುವಳು. ಅವನನ್ನು ಬೆಳೆಸಿದ್ದೇ ಆ ಪದದಿಂದ. ಆದರೆ ಪ್ರತಿ ಸಲವೂ, ಸೈನಿಕರಂತೆ ಸಾಲು ನಿಂತ ಆ ಹಲ್ಲುಗಳ ಹಿಂದಿನಿಂದ ಗಾಳಿ ಸಿಳ್ಳೆಯಾಗಿ ನುಗ್ಗಿ ಬೈಗುಳದ ಮರ್ಯಾದೆ ತೆಗೆಯುತ್ತಿತ್ತು.

"ನೋಡೋಕೇನೋ ಚೆನ್ನಾಗಿದೆ ಕಣೇ," ಎಂದು ಅಜ್ಜಿ ಸೆಟ್ಟನ್ನು ಬಿಚ್ಚಿ ವಾಪಸು ಕೊಡುವಳು. "ಆದ್ರೆ ಬಾಯೊಳಗೆ ಯಾರೋ ನೆಂಟ್ರು ಬಂದು ಕೂತ ಹಾಗಿದೆ. ಎದ್ದು ಹೋಗೋ ಲಕ್ಷಣನೂ ಕಾಣಲ್ಲ."

೨

ಇಲ್ಲಿ ಪಣಕ್ಕಿರುವುದು ಏನೆಂದು ಮೊದಲೇ ಹೇಳಿಬಿಡುವುದು ಲೇಸು. ನಾನು ಈತನಕ ಕೇಳಿ ಬರೆದ ಕಥೆಗಳಲ್ಲಿ ಗೆದ್ದವರಿಗೆ ಅರ್ಧ ರಾಜ್ಯ ಸಿಗುತ್ತಿತ್ತು, ಸೋತವರ ತಲೆ ಹೋಗುತ್ತಿತ್ತು. ಇಲ್ಲಿ ಗೆದ್ದರೆ ಪಾಸು, ಸೋತರೆ ತಮ್ಮ.

ವಿವರಿಸುತ್ತೇನೆ. ತರಬೇತಿಯ ಕೊನೆಗೆ ಕಾಲೇಜಿನಿಂದ ಪರೀಕ್ಷಕಿ ಬಂದು ಅಜ್ಜಿಯ ಸೆಟ್ಟನ್ನು ಅಳೆದು ಅಂಕ ಹಾಕುತ್ತಾರೆ. ಫೇಲಾದರೆ ಇಡೀ ವರ್ಷ ಮತ್ತೆ ಓದಬೇಕು. ಅದೇ ಕಾಲೇಜಿನಲ್ಲಿ, ಅದೇ ವಿಷಯದಲ್ಲಿ, ಅವಳಿಗಿಂತ ಒಂದೇ ತರಗತಿ ಹಿಂದೆ ಅವಳ ತಮ್ಮ ಓದುತ್ತಿದ್ದ.

"ಅಕ್ಕಾ, ಯೋಚನೆ ಮಾಡ್ಬೇಡ," ಎಂದು ಅವನು ಊಟದ ನಡುವೆ ಹೇಳಿದ್ದ. "ನನ್ನ ಪಕ್ಕ ಫ್ಯಾನ್ ಕೆಳಗೆ ಸೀಟು ಹಿಡಿದಿಟ್ಟಿರ್ತೀನಿ."

"ಸುಮ್ನೆ ತಿನ್ನೋ," ಎಂದಳು ಅವರಿಬ್ಬರ ತಾಯಿ.

ತಂದೆಯದು ಇನ್ನೊಂದು ಬಗೆಯ ಪೀಡೆ. ಮಗಳು ಹಲ್ಲಿನ ಡಾಕ್ಟರಾಗುತ್ತಿದ್ದಾಳೆ ಎಂದು ಅವನು ನೆಂಟರಿಷ್ಟರಿಗೆಲ್ಲ ಹೇಳಿಯಾಗಿತ್ತು.

"ಅಪ್ಪಾ, ನಾನು ಡಾಕ್ಟರ್ ಅಲ್ಲ. ಟೆಕ್ನಿಷಿಯನ್."

"ಹಲ್ಲು ತಾನೇ?"

"ಹಲ್ಲೇ."

"ಮತ್ತೆ? ಬಿಡು."

೪

(ಮೂರನೆಯದನ್ನು ಹರಿದುಹಾಕಿದ್ದೇನೆ. ಕಥೆಗೊಬ್ಬ ಖಳ ಬೇಕೆಂದು ಅದರಲ್ಲಿ ಯಜಮಾನನನ್ನು ಕ್ರೂರಿಯಾಗಿ ಚಿತ್ರಿಸಿದ್ದೆ. ಮತ್ತೆ ಫೋನು. "ಪಾಪ ಸರ್, ಅವರು ಮಧ್ಯಾಹ್ನ ನಿದ್ದೆ ಮಾಡ್ತಾರೆ. ಅದು ಬಿಟ್ರೆ ಯಾರಿಗೂ ಏನೂ ಮಾಡಲ್ಲ." ನಿದ್ದೆ ಮಾಡುವವನನ್ನು ಖಳನಾಗಿಸುವ ಕಲೆ ನನಗೆ ಸಿದ್ಧಿಸಿಲ್ಲ.)

ಹಲ್ಲು ಕಟ್ಟುವ ಕ್ರಮವನ್ನು ಅವಳು ಹೇಳಿದಂತೆಯೇ ಬರೆಯುತ್ತೇನೆ. ಬಾಯಿಯ ಅಚ್ಚಿನ ಮೇಲೆ ಗುಲಾಬಿ ಬಣ್ಣದ ಮೇಣದಿಂದ ವಸಡು ಕಟ್ಟಿ, ಅದರಲ್ಲಿ ಹಲ್ಲುಗಳನ್ನು ಒಂದೊಂದಾಗಿ ನೆಡಬೇಕು. ಈ ಮೇಣದ ಸೆಟ್ಟನ್ನು ಸ್ವಲ್ಪ ಹೊತ್ತು ಬಾಯಿಗಿಟ್ಟು ನೋಡಿ, ತೆಗೆದು, ತಿದ್ದಬೇಕು. ಎಲ್ಲ ಸರಿ ಎನಿಸಿದ ಮೇಲೆ ಪ್ಲಾಸ್ಟರಿನಲ್ಲಿ ಹೂತು, ಕುದಿಯುವ ನೀರಿನಲ್ಲಿ ಮೇಣ ಕರಗಿಸಿ ತೆಗೆದು, ಆ ಖಾಲಿ ಜಾಗಕ್ಕೆ ಗಟ್ಟಿಯಾಗುವ ಪ್ಲಾಸ್ಟಿಕ್ಕನ್ನು ತುಂಬಬೇಕು. ಅಲ್ಲಿಂದ ಮುಂದೆ ತಿದ್ದುವ ಮಾತಿಲ್ಲ. (ಓದುಗರಿಗೆ ಇಲ್ಲಿ ಮೇಣಕ್ಕೂ ಕಥೆಯ ಕರಡುಪ್ರತಿಗೂ ಹೋಲಿಕೆ ಕಟ್ಟುವ ಆಸೆ ಹುಟ್ಟಬಹುದು. ನನಗೂ ಹುಟ್ಟಿತ್ತು. ದಯವಿಟ್ಟು ಮುಂದೆ ಹೋಗೋಣ.)

ಅವಳು ನೆಟ್ಟ ಹಲ್ಲುಗಳು ಪುಸ್ತಕದ ಚಿತ್ರದಿಂದ ಎದ್ದು ಬಂದಂತಿದ್ದವು. ಮಧ್ಯಾಹ್ನದ ಹೊತ್ತು. ಯಜಮಾನ ಕುರ್ಚಿಯಲ್ಲಿ ನಿದ್ದೆಹೋಗಿದ್ದ. ಅವಳು ಮೇಣದ ಸೆಟ್ಟನ್ನು ಅಜ್ಜಿಯ ಬಾಯಿಗಿಟ್ಟು, "ಒಂದೇ ನಿಮಿಷ ಅಜ್ಜಿ. ಕಚ್ಚಬೇಡಿ, ಮಾತಾಡಬೇಡಿ," ಎಂದಳು. ಅಷ್ಟರಲ್ಲಿ ದಂತವೈದ್ಯರೊಬ್ಬರಿಂದ ಹೊಸ ಅಚ್ಚಿನ ಡಬ್ಬಿ ಬಂತು. ಅದನ್ನು ಇಸಿದುಕೊಳ್ಳಲು ಮೆಟ್ಟಿಲ ತನಕ ಹೋಗಿ ಬರುವಷ್ಟರಲ್ಲಿ ಅಜ್ಜಿಯ ಕೈಯಲ್ಲಿ ಖಾಲಿ ಲೋಟವಿತ್ತು.

"ಅಜ್ಜೀ! ಏನ್ ಮಾಡಿದ್ರಿ?"

"ಟೀ ಕುಡಿದೆ."

"ಅದು ಮೇಣ ಅಜ್ಜಿ! ಬಿಸಿಗೆ ಮೆತ್ತಗಾಗಿಬಿಡತ್ತೆ!"

"ಕಚ್ಚಬೇಡ ಅಂದೆ. ಮಾತಾಡಬೇಡ ಅಂದೆ. ಕುಡೀಬೇಡ ಅಂದ್ಯಾ?"

ಇಷ್ಟು ಹೇಳಿ ಅಜ್ಜಿ ತಟ್ಟನೆ ನಿಲ್ಲಿಸಿದಳು. ನಾಲಿಗೆಯಿಂದ ಒಳಗೆಲ್ಲ ತಡಕಿದಳು. ಅನಂತರ, ಮಲಗಿದ್ದ ಮಗನ ಕಡೆ ತಿರುಗಿ, ಅಷ್ಟೇನೂ ಗಟ್ಟಿಯಲ್ಲದ ದನಿಯಲ್ಲಿ, "ಸೋಮಾರಿ," ಎಂದಳು.

ಸಿಳ್ಳೆ ಇರಲಿಲ್ಲ. ತಲೆ ನರೆತ ಯಜಮಾನ ಎಚ್ಚರಾಗುವುದಕ್ಕೂ ಮೊದಲೇ ಎದ್ದು ನಿಂತು, "ಸ್ಕೂಲಿಗೆ ಹೊರಟೆ ಅಮ್ಮಾ," ಎಂದ.

(ಈ ಸ್ಥಳದಲ್ಲಿ 'ಅವನ ಕಣ್ಣು ತೇವವಾಯಿತು' ಎಂದು ಬರೆದಿದ್ದೆ. ಆಕ್ಷೇಪಣೆ ಬಂದಿದೆ: "ಕಣ್ಣು ಉಜ್ಜಿಕೊಂಡ್ರು ಸರ್. ನಿದ್ದೆಯಿಂದ ಎದ್ದೋರು ಉಜ್ಜಿಕೊಳ್ತಾರೆ.")

ಅಜ್ಜಿ ಕನ್ನಡಿ ಕೇಳಿದಳು. ಮೆತ್ತಗಾದ ಮೇಣದಲ್ಲಿ ಮೇಲಿನ ಮುಂಬದಿಯ ಹಲ್ಲೊಂದು ಜಾರಿ, ಪಕ್ಕದ ಹಲ್ಲಿನ ಹೆಗಲ ಮೇಲೆ ಅರ್ಧ ಹತ್ತಿ ಕೂತಿತ್ತು. ಅಜ್ಜಿ ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಇದು ಹಿಂಗೇ ಇರ್ತಿತ್ತು. ಮದುವೆಯಾದ ಹೊಸದರಲ್ಲಿ ನಮ್ಮತ್ತೆ ಎಷ್ಟು ಆಡ್ಕೊಳ್ತಿದ್ಲು ಇದನ್ನ." ಕನ್ನಡಿಯನ್ನು ಇನ್ನಷ್ಟು ಹತ್ತಿರ ತಂದಳು. "ನಾನೇ ಕಣೇ ಇದು. ಮುಟ್ಟಬೇಡ. ಹಿಂಗೇ ಗಟ್ಟಿ ಮಾಡು."

"ಆಗಲ್ಲ ಅಜ್ಜಿ. ನಾಡಿದ್ದು ಮೇಡಂ ಬರ್ತಾರೆ. ಸ್ಕೇಲ್ ಇಟ್ಟು ನೋಡ್ತಾರೆ. ಸೊಟ್ಟ ಇದ್ರೆ ಫೇಲು."

"ಇಡೋದು ಯಾರ ಬಾಯಿಗೆ? ಮೇಡಂ ಬಾಯಿಗಾ?"

"ಅಮ್ಮಾ," ಎಂದ ಯಜಮಾನ, ಈಗ ಪೂರ್ತಿ ಎಚ್ಚರಾಗಿ. "ಆ ಹುಡುಗಿಗೆ ಒಂದು ವರ್ಷ ಹಾಳಾಗತ್ತೆ. ತಮ್ಮನ ಜತೆ ಕೂರಬೇಕಾಗತ್ತೆ ಪಾಪ."

ಅಜ್ಜಿ ಕನ್ನಡಿಯನ್ನು ಮಗುಚಿಟ್ಟಳು. ಆಮೇಲೆ ತಾನೇ ಸೆಟ್ಟನ್ನು ಬಿಚ್ಚಿ, ಮುರಿಯದಂತೆ ಎರಡೂ ಕೈಯಲ್ಲಿ ಹಿಡಿದು, ತಣ್ಣೀರಿನ ಬಟ್ಟಲಿನಲ್ಲಿ ಇಳಿಸಿದಳು. ಅಂಗೈ ಮತ್ತೆ ಬಾಯಿಗೆ ಅಡ್ಡ ಬಂತು. ಅದರ ಹಿಂದಿನಿಂದ, "ನೆಟ್ಟಗೆ ಮಾಡ್ಕೋ ಮಗಳೇ," ಎಂದಳು. "ಹಳೇ ಬಾಯಿ. ಹೆಂಗೋ ನಡೆಯತ್ತೆ."

೫

ಮುಕ್ತಾಯಗಳು, ಓದುಗರ ಆಯ್ಕೆಗೆ.

ಮೊದಲನೆಯದು: ಅವಳು ಮೇಣದ ಚಾಕುವನ್ನು ಬಿಸಿ ಮಾಡಿ ಹಲ್ಲನ್ನು ಸಾಲಿಗೆ ತಳ್ಳುತ್ತಾಳೆ. ಪಾಸಾಗುತ್ತಾಳೆ. ಗೂಡಿನಲ್ಲಿ ಇನ್ನೊಂದು ಸೆಟ್ಟು ಸೇರಿಕೊಳ್ಳುತ್ತದೆ. ಇದು ಅಚ್ಚುಕಟ್ಟಾಗಿದೆ, ಆದ್ದರಿಂದಲೇ ಬರೆಯುತ್ತ ನನಗೆ ಆಕಳಿಕೆ ಬಂತು.

ಎರಡನೆಯದು ನನ್ನ ಸ್ವಂತ ಪ್ರತಿಭೆಯ ಫಲ. ಹೆಮ್ಮೆಯಿಂದ ಅವಳಿಗೆ ಫೋನಿನಲ್ಲಿ ಹೇಳಿದೆ: "ನೀನು ಎರಡು ಸೆಟ್ ಮಾಡ್ತೀಯ. ನೇರ ಇರೋದು ಮೇಡಂಗೆ, ಸೊಟ್ಟ ಇರೋದು ಅಜ್ಜಿಗೆ. ಎಲ್ಲರೂ ಸುಖವಾಗಿರ್ತಾರೆ."

"ಅಷ್ಟು ಸುಲಭ ಇದ್ದಿದ್ರೆ ನಾನೇ ಮಾಡ್ತಿರ್ಲಿಲ್ವಾ ಸರ್? ಎರಡು ದಿನದಲ್ಲಿ ಒಂದೇ ಸೆಟ್ ಆಗೋದು, ಇದನ್ನ ಮೇಡಂಗೆ ಅಂತ ನೆಟ್ಟಗೆ ಮಾಡಿದ್ರೆ ಅಜ್ಜಿಗೆ ಆಮೇಲೆ ಹೊಸದಾಗಿ ಸೊಟ್ಟ ಮಾಡ್ಬೇಕು. ಆ ಟೀ ಲೋಟದಲ್ಲಿ ಆದದ್ದು ಒಂದ್ಸಲ ಆಯ್ತು. ಅದನ್ನ ನನ್ನ ಕೈಯಿಂದ ಮತ್ತೆ ಮಾಡೋಕೆ ಬರಲ್ಲ. ಆಮೇಲೆ ಬೇರೆ ಮೇಣದಲ್ಲಿ ಪ್ರಯತ್ನ ಮಾಡಿದೆ. ಒಂದು ಕೂದಲೆಳೆ ಆಚೆ ಹೋದ್ರೆ ಮತ್ತೆ ಸಿಳ್ಳೆ."

ಮೂರನೆಯದು ನಡೆದದ್ದು. ಅವಳು ಚಾಕುವನ್ನು ಬಿಸಿ ಮಾಡಿದಳು. ಆ ಹಲ್ಲಿನ ಬುಡದ ಹತ್ತಿರ ಹಿಡಿದಳು. ಮೇಣ ಹೊಳೆಯತೊಡಗಿತು. ಚಾಕುವನ್ನು ಕೆಳಗಿಟ್ಟಳು. ಪ್ಲಾಸ್ಟರು ಕಲಸಿ, ಸೆಟ್ಟನ್ನು ಇದ್ದಂತೆಯೇ ಹೂತಳು.

ಯಾಕೆ ಎಂದು ಕೇಳಿದೆ. ಬೇರೆ ಬೇರೆ ಬಗೆಯಲ್ಲಿ, ಬೇರೆ ಬೇರೆ ದಿನ ಕೇಳಿದೆ. ಉತ್ತರ ಬದಲಾಗಲಿಲ್ಲ.

"ಚಾಕು ತಣ್ಣಗಾಯ್ತು ಸರ್."

"ಮತ್ತೆ ಬಿಸಿ ಮಾಡಬಹುದಿತ್ತಲ್ಲ?"

"ಮಾಡಬಹುದಿತ್ತು."

೬

ಪರೀಕ್ಷಕಿ ಬಂದ ದಿನದ ಬಗ್ಗೆ ನನಗೆ ಒಂದಕ್ಕೊಂದು ಹೊಂದದ ಪಾಠಗಳು, ಅಂದರೆ ಒಂದೇ ಘಟನೆಯ ಬೇರೆ ಬೇರೆ ಹೇಳಿಕೆಗಳು, ದೊರೆತಿವೆ. ಎಲ್ಲ ಪಾಠಗಳೂ ಒಪ್ಪುವ ಭಾಗ ಇಷ್ಟು: ಪರೀಕ್ಷಕಿ ಸೆಟ್ಟಿನ ಮೇಲೆ ಸ್ಕೇಲಿಟ್ಟರು. ಹಲ್ಲು ಸ್ಕೇಲಿನಿಂದಾಚೆ ಇಣುಕಿತು.

"ಏನಮ್ಮಾ ಇದು?"

"ಅಜ್ಜಿ ಹಲ್ಲು ಮೇಡಂ."

"ಅಜ್ಜಿ ಹಲ್ಲು ಅಂತ ಸಿಲಬಸ್‌ನಲ್ಲಿ ಎಲ್ಲಿದೆ?"

ಪರೀಕ್ಷಕಿ ಸೆಟ್ಟನ್ನು ಅಜ್ಜಿಯ ಬಾಯಿಗೆ ಹಾಕಿಸಿದರು. ಇಲ್ಲಿಂದ ದಾರಿ ಕವಲೊಡೆಯುತ್ತದೆ. ಯಜಮಾನನ ಪ್ರಕಾರ ಅವನ ತಾಯಿ ಮತ್ತು ಪರೀಕ್ಷಕಿ ಅತ್ತೆಯರ ವಿಷಯ ಮಾತಾಡುತ್ತ ಬಹಳ ಹೊತ್ತು ನಕ್ಕರು. (ಆದರೆ ಅದು ಮಧ್ಯಾಹ್ನ. ಅವನ ಸಾಕ್ಷ್ಯವನ್ನು ಎಷ್ಟರಮಟ್ಟಿಗೆ ನಂಬಬಹುದೋ ತಿಳಿಯದು.) ವಿದ್ಯಾರ್ಥಿನಿಯ ಪ್ರಕಾರ ಯಾರೂ ನಗಲಿಲ್ಲ, ಪರೀಕ್ಷಕಿ ಏನೋ ಬರೆದು, ಬರೆದದ್ದು ಕಾಣದಂತೆ ಕೈ ಮುಚ್ಚಿಕೊಂಡು ಹೋದರು. ಅಜ್ಜಿಯ ಪಾಠ ಎಲ್ಲಕ್ಕಿಂತ ಚಿಕ್ಕದು:

"ಕಚ್ಚಿ ತೋರ್ಸಿ ಅಂದ್ರು. ಕಚ್ಚಿದೆ. ಬೆರಳು ಒಳಗಿಟ್ಟಿದ್ದು ಅವರ ತಪ್ಪು."

ಇದನ್ನು ಅಜ್ಜಿ ನನಗೆ ಹೇಳಿದ್ದು ಮೇಲಿನ ಲ್ಯಾಬಿನಲ್ಲಲ್ಲ. ಕೆಳಗಿನ ಔಷಧಿ ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂತು, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು. ನಾನಿದ್ದಷ್ಟು ಹೊತ್ತೂ ಆ ಬೆಂಚಿಗೆ ಬಂದವರನ್ನೆಲ್ಲ ಅವಳು ಮಾತಾಡಿಸಿದಳು. ಕೆಮ್ಮಿನ ಔಷಧಿಗೆ ಬಂದವನೊಬ್ಬನನ್ನು ಬೈದಳು ಕೂಡ.

"ಸ್ವಲ್ಪ ನೀವಾದ್ರೂ ಹೇಳಿ ಸರ್," ಎಂದು ಅಂಗಡಿಯವನು ನನ್ನ ಕಿವಿಯಲ್ಲಿ ಪಿಸುಗುಟ್ಟಿದ. "ಬೆಳಗ್ಗೆ ಶಟರ್ ಎತ್ತೋಕೆ ಮುಂಚೆ ಬಂದು ಕೂತಿರ್ತಾರೆ."

ಇದಕ್ಕೆ ಪಾಠಾಂತರವಿಲ್ಲ. ಇದನ್ನು ನಾನೇ ಕಂಡಿದ್ದೇನೆ.

೭

ಉಳಿದದ್ದು ಫಲಿತಾಂಶ. ಅದು ಬಂದ ಮೇಲೆ ಕಥೆಯನ್ನು ಮುಗಿಸುತ್ತೇನೆಂದು ಅವಳಿಗೆ ತಿಳಿಸಿದೆ. ಯಾವುದೇ ಸಂಗ್ರಾಹಕ ಆಡುವ ಮಾತು ಅದು. ಕೊನೆಯಿಲ್ಲದ ಪಾಠವನ್ನು ನಾವು ಅಪೂರ್ಣವೆಂದು ಗುರುತಿಸಿ ಬೇರೆಯೇ ಕಟ್ಟಿಡುತ್ತೇವೆ.

"ಬೇಡ ಸರ್," ಎಂದಳು. "ಅದಕ್ಕೆ ಮುಂಚೆನೇ ಕಳಿಸಿಬಿಡಿ."

"ಯಾಕಮ್ಮಾ?"

"ಪಾಸಾದ್ರೆ ನೀವು ಬಹುಮಾನ ಅಂತ ಬರೀತೀರ. ಫೇಲಾದ್ರೆ ತ್ಯಾಗ ಅಂತ ಬರೀತೀರ. ನಾನು ಎರಡೂ ಮಾಡಿಲ್ಲ."

"ಮತ್ತೇನು ಮಾಡಿದೆ?"

"ಸೆಟ್ ಮಾಡಿದೆ."

ವಾದದಲ್ಲಿ ನನಗೆ ಸೋಲಾಯಿತು. ಫಲಿತಾಂಶ ಈ ದಿನ ಎಂದು ಕೇಳಿದ್ದರಿಂದ ಬೆಳಗಿನಿಂದ ಅವಸರದಲ್ಲಿ ಬರೆಯುತ್ತಿದ್ದೇನೆ. ಈ ಪುಟವನ್ನು ಸಂಪಾದಕರಿಗೆ ಕಳಿಸುವವರೆಗೆ ಫೋನು ಎತ್ತಬಾರದೆಂದು ನಿರ್ಧರಿಸಿದ್ದೇನೆ.

ಫೋನು ರಿಂಗಾಗುತ್ತಿದೆ. ಅವಳದೇ ನಂಬರು.

ನಿಂತಿತು.

ಮತ್ತೆ ರಿಂಗಾಗುತ್ತಿದೆ. ಕರಡು ತಿದ್ದಿಸಲು ಅವಳು ಎಂದೂ ಬೆನ್ನುಬೆನ್ನಿಗೆ ಕರೆ ಮಾಡಿದವಳಲ್ಲ. ಒಳ್ಳೆಯ ಸುದ್ದಿಯಿದ್ದರೂ ಜನ ಹೀಗೆ ಮಾಡುತ್ತಾರೆ, ಕೆಟ್ಟದಿದ್ದರೂ ಮಾಡುತ್ತಾರೆ. ಕಥೆಯ ಬಗ್ಗೆ ಅವಳಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುತ್ತೇನೆ. ಫೋನಿನ ಬಗ್ಗೆ ನನಗೆ ನಾನೇ ಕೊಟ್ಟುಕೊಂಡದ್ದು ಅಷ್ಟೇನೂ ಮುಖ್ಯವಲ್ಲ. ಓದುಗರು ಇಲ್ಲೇ ಕೂತಿರಬೇಕು. ನಾನು ಪಕ್ಕದ ಕೋಣೆಗೆ ಹೋಗಿ ಅವಳೊಡನೆ ಮಾತಾಡುತ್ತೇನೆ. ಅದು ನಿಮಗೆ ಕೇಳಿಸುವುದಿಲ್ಲ.