ಮೂರನೆಯ ವೆಸೆಲ್

ದಕ್ಷಿಣ ಆಫ್ರಿಕಾದ ಕರೂ ಬಯಲಿನ ನಮ್ಮ ಮನೆತನದಲ್ಲಿ ಹಿರಿಯ ಮಗನಿಗೆ ಅವನ ಅಜ್ಜನ ಹೆಸರು. ನಾನು ವೆಸೆಲ್; ಹಾಗಾಗಿ ಮೊಮ್ಮಗನೂ ವೆಸೆಲ್. ಮಗು ತೀರಿಕೊಂಡರೆ ಮುಂದೆ ಹುಟ್ಟುವ ಗಂಡಿಗೆ ಅದೇ ಹೆಸರು ಹೋಗುತ್ತದೆ.

ಆ ಮೊಮ್ಮಗು ಚಳಿಗಾಲದಲ್ಲಿ ಜ್ವರ ಬಂದು ತೀರಿಕೊಂಡಿತು. ಮರುವರ್ಷ ಕುರಿಗಳ ಉಣ್ಣೆ ಕತ್ತರಿಸುವ ಹೊತ್ತಿಗೆ ಸೊಸೆ ಅಲೆಟಾಗೆ ಇನ್ನೊಂದು ಗಂಡಾಯಿತು. ಅವಳು ಅಳಲಿಲ್ಲ, ನಗಲಿಲ್ಲ. ಪ್ರಾರ್ಥನೆಗೆ ಕೂತರೆ ನನಗೂ ತುಟಿ ಮಾತ್ರ ಆಡುತ್ತಿತ್ತು.

ಮಗುವಿಗೆ ಹೆಸರಿಡುವ ದೀಕ್ಷಾಸ್ನಾನ ಹತ್ತಿರ ಬಂದಾಗ ನನ್ನ ಅಕ್ಕ ಹೆಸ್ಟರ್ ಬಂದಳು. ನಮ್ಮ ವಂಶಾವಳಿ ಬರೆದವಳು ಅವಳೇ. ಹಾಲೆಂಡಿನಿಂದ ಹಡಗಿನಲ್ಲಿ ಬಂದು ಇಲ್ಲಿನ ಕೇಪ್ ತೀರದಲ್ಲಿ ನೆಲೆಸಿದ ಮೂಲಪುರುಷ ವೆಸೆಲನ ಹೆಸರು ತಪ್ಪಬಾರದು, ಈ ಮಗುವೂ ವೆಸೆಲ್ಲೇ ಎಂದಳು. ಅಲೆಟಾ ಹೂಂ ಅನ್ನಲಿಲ್ಲ. ಆ ಮೊದಲಿನವನು ಯಾರೆಂದು ನೋಡಬೇಕು ಎಂದಳು.

ಹಾಲೆಂಡಿನ ಸ್ವೋಲೆ ಊರಿನ ಚರ್ಚಿನಿಂದ ತರಿಸಿದ ದೀಕ್ಷಾಸ್ನಾನದ ದಾಖಲೆಯ ನಕಲುಗಳನ್ನು ಹೆಸ್ಟರ್ ಮೇಜಿನ ಮೇಲೆ ಹರಡಿದಳು. ಅವಳ ಲೆಕ್ಕದಲ್ಲಿ ಮೂಲಪುರುಷ ನಲವತ್ತರ ಹತ್ತಿರ ಮದುವೆಯಾದವನು. ನಮ್ಮಲ್ಲಿ ಮದುವೆ ಮುಂದೂಡುವ ಹುಡುಗರನ್ನೆಲ್ಲ ಅವನ ಹೆಸರು ಹೇಳಿಯೇ ಚುಡಾಯಿಸುವುದು. ಅಲೆಟಾ ಹಾಳೆಗಳನ್ನು ಕೊನೆಯವರೆಗೆ ಓದಿದಳು. ಅದೇ ತಂದೆತಾಯಿಗೆ, ಎರಡು ವರ್ಷದ ಮೇಲೆ, ಮತ್ತೊಬ್ಬ ವೆಸೆಲ್. ಅವನೂ ತೀರಿಕೊಂಡು, ಹತ್ತು ವರ್ಷದ ಮೇಲೆ ಇನ್ನೊಬ್ಬ. ಹೆಸ್ಟರ್ ಮೊದಲ ವೆಸೆಲ್ ಹುಟ್ಟಿದ ವರ್ಷ ಕಂಡ ಕೂಡಲೇ ಓದು ನಿಲ್ಲಿಸಿದ್ದಳು. ಹಡಗು ಹತ್ತಿದವನು, ಗೋಧಿ ಬೆಳೆದವನು, ತಕ್ಕ ವಯಸ್ಸಿಗೇ ಮದುವೆಯಾದವನು ಮೂರನೆಯವನು.

“ಪಾಪ, ಇಷ್ಟು ವರ್ಷ ಅವನನ್ನ ಸುಮ್ನೆ ಆಡ್ಕೊಂಡ್ವಲ್ಲ,” ಎಂದಳು ಹೆಸ್ಟರ್, ಕನ್ನಡಕ ಒರೆಸುತ್ತ. “ನೋಡು ಮಗಳೇ, ಆ ತಾಯಿನೂ ಹೋದ ಮಗುವಿನ ಹೆಸ್ರನ್ನೇ ಮತ್ತೆ ಇಟ್ಲು. ಹೆಸ್ರು ನಿಲ್ತು.”

“ವೆಸೆಲ್ ಅಂತ ಕೂಗ್ದಾಗ ಅವ್ಳಿಗೆ ಯಾರ ಮುಖ ಕಣ್ಮುಂದೆ ಬರ್ತಿತ್ತೋ, ಅತ್ತೆ?”

ಹೆಸ್ಟರ್ ಕಾಫಿಯಲ್ಲಿ ಅದ್ದಿದ ರಸ್ಕು ಕೈಯಲ್ಲೇ ಕರಗಿ ಲೋಟಕ್ಕೆ ಬಿತ್ತು.

ಭಾನುವಾರ ಚರ್ಚಿನಲ್ಲಿ ಪಾದ್ರಿ ಮಗುವಿನ ಹೆಸರು ಕೇಳಿದರು. ಹಿರಿಯರ ಬೆಂಚಿನಲ್ಲಿ ಕೂತಿದ್ದ ನನ್ನ ಕಡೆ ಅಲೆಟಾ ನೋಡಿದಳು. ಬಿಟ್ಟುಹೋಗುವುದಿದ್ದರೆ ಅದು ನನ್ನ ಹೆಸರು. ನಾನು ಆಗಲಿ ಎಂದು ತಲೆಯಾಡಿಸಿದೆ.

“ಲೂರೆನ್ಸ್,” ಎಂದಳು. ಅದು ಅವಳ ತಂದೆಯ ಹೆಸರು.

ಹಿಂದೆ ಯಾರೋ ಕೆಮ್ಮಿದರು. ಪಾದ್ರಿ ನೀರು ಚಿಮುಕಿಸಿದರು; ಮಗು ಅಳಲಿಲ್ಲ. ನನಗೆ ಸಂತೋಷವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ದೇವರ ಮುಂದೆ ಸುಮ್ಮನೆ ಕೂತಿದ್ದೆ, ಅಷ್ಟೆ.

ಮಧ್ಯಾಹ್ನ ಕುರಿಮಾಂಸ ಬಡಿಸುತ್ತ ಹೆಸ್ಟರ್ ಎಲ್ಲರ ತಟ್ಟೆ ತುಂಬಿಸಿದಳು, ಅಲೆಟಾಳದನ್ನು ಕೊನೆಗೆ. ಸೌಟು ಕೆಳಗಿಡದೆ ಅವಳ ಕಡೆ ತಿರುಗಿದಳು.

“ಲೂರೆನ್ಸ್ ರಾತ್ರಿ ಮಲಗೋಕೆ ಬಿಡ್ತಾನಾ?”

“ಬಿಡ್ತಾನೆ ಅತ್ತೆ,” ಎಂದಳು ಅಲೆಟಾ.